ಪೌಷ್ಟಿಕ ಅಡುಗೆ ಶಿಬಿರ: ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರು, ಮಂಡ್ಯ ಕಡೆಯ ಹಳ್ಳಿಗಳಲ್ಲಿ ನಾವು ಅಡುಗೆ ಶಿಬಿರ ನಡೆಸುತ್ತೇವೆ. ಅಂಗನವಾಡಿಯಲ್ಲಿ, ಸಮುದಾಯ ಭವನದಲ್ಲಿ, ಕೆಲವು ಸಲ ಯಾರದೋ ಮನೆಯ ಜಗುಲಿಯಲ್ಲಿ. ಊರು ಬೇರೆಯಾದರೂ ಜನ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಅವನ್ನೆಲ್ಲ ಇಲ್ಲಿ ಸೇರಿಸಿದ್ದೇವೆ. ಇದು ದಿನದ ಊಟದ ಮಾತು. ಕಾಯಿಲೆ ಇದ್ದರೆ, ಔಷಧಿ ನಡೆಯುತ್ತಿದ್ದರೆ ನಿಮ್ಮ ಡಾಕ್ಟರನ್ನೇ ಕೇಳಿ.

ಇಷ್ಟು ವರ್ಷದಿಂದ ಅಡುಗೆ ಮಾಡುತ್ತಿದ್ದೇನೆ. ಇಲ್ಲಿ ಬಂದು ಏನು ಕಲಿಯಬೇಕು?

ಅಡುಗೆ ನಿಮಗೆ ನಮಗಿಂತ ಚೆನ್ನಾಗಿ ಗೊತ್ತು. ಬಸ್ಸಾರನ್ನೇ ನೋಡಿ. ಸೊಪ್ಪು, ಕಾಳು ಒಟ್ಟಿಗೆ ಬೇಯಿಸುತ್ತೀರಿ, ಕಟ್ಟು ಬಸಿಯುತ್ತೀರಿ. ಸೊಪ್ಪು ಕಾಳಿಗೆ ಒಗ್ಗರಣೆ ಹಾಕಿದರೆ ಪಲ್ಯ ಆಯಿತು. ಕಟ್ಟಿಗೆ ಖಾರ ರುಬ್ಬಿ ಹಾಕಿದರೆ ಸಾರು ಆಯಿತು. ಬಿ ಗುಂಪಿನ ವಿಟಮಿನ್‌ಗಳು ನೀರಲ್ಲಿ ಕರಗುತ್ತವೆ. ಬೇಯಿಸಿದ ನೀರು ಚೆಲ್ಲಿದರೆ ಅವೂ ಹೋದವು. ಬಸ್ಸಾರಿನಲ್ಲಿ ಒಂದು ತೊಟ್ಟೂ ಹೋಗುವುದಿಲ್ಲ. ಇದನ್ನು ಯಾವ ಪುಸ್ತಕವೂ ನಮ್ಮ ಅಜ್ಜಿಯರಿಗೆ ಹೇಳಿಕೊಟ್ಟಿರಲಿಲ್ಲ.

ಆದರೆ ಕೆಲವು ಹೊಸ ಅಭ್ಯಾಸಗಳೂ ಅಡುಗೆಮನೆಗೆ ಬಂದಿವೆ. ಕಾಳು ಬೇಗ ಬೇಯಲಿ ಅಂತ ಚಿಟಿಕೆ ಸೋಡಾ ಹಾಕುತ್ತೇವೆ. ಅದರಿಂದ ಬಿ ವಿಟಮಿನ್ ಹಾಳಾಗುತ್ತದೆ. ರಾತ್ರಿ ನೆನೆಸಿಟ್ಟರೆ ಸೋಡಾ ಬೇಕೇ ಆಗಲ್ಲ. ಅಕ್ಕಿಯನ್ನು ನಾಲ್ಕೈದು ಸಲ ಉಜ್ಜಿ ತೊಳೆಯುತ್ತೇವೆ, ಎರಡು ಸಲ ಸಾಕು. ಸೊಪ್ಪನ್ನು ಹೆಚ್ಚಿದ ಮೇಲೆ ತೊಳೆಯುತ್ತೇವೆ, ಮೊದಲೇ ತೊಳೆದು ಆಮೇಲೆ ಹೆಚ್ಚಬೇಕು. ಇವೆಲ್ಲ ಚಿಕ್ಕ ತಿದ್ದುಪಡಿ, ಮೊದಲ ವಾರದಲ್ಲೇ ಮುಗಿಯುತ್ತವೆ. ಉಳಿದ ವಾರಗಳಲ್ಲಿ ನಾವು ಹೆಚ್ಚಾಗಿ ಮಾತಾಡುವುದು ಬಡಿಸುವ ವಿಷಯ. ಪಾತ್ರೆಯಲ್ಲಿ ಇದ್ದದ್ದು ಯಾರ ತಟ್ಟೆಗೆ ಎಷ್ಟು ಬಿತ್ತು ಅನ್ನುವುದು.

ಶಿಬಿರ ಎಷ್ಟು ದಿನ? ದುಡ್ಡು ಕೊಡಬೇಕಾ?

ವಾರಕ್ಕೊಂದು ಮಧ್ಯಾಹ್ನ, ಒಟ್ಟು ಆರು ವಾರ. ಒಂದು ಸಲಕ್ಕೆ ಎರಡೂವರೆ ಗಂಟೆ. ಇಪ್ಪತ್ತು ಜನಕ್ಕಿಂತ ಜಾಸ್ತಿ ಸೇರಿಸುವುದಿಲ್ಲ, ಎಲ್ಲರ ಕೈಗೂ ಸೌಟು ಸಿಗಬೇಕಲ್ವಾ. ಶುಲ್ಕ ಇಲ್ಲ. ಸಾಮಾನನ್ನು ನಿಮ್ಮೂರಿನ ಅಂಗಡಿಯಲ್ಲೇ ಕೊಳ್ಳುತ್ತೇವೆ. ನಾಳೆ ನೀವೂ ಅದನ್ನೇ ಮಾಡಬೇಕು ಅಂದರೆ ಅದು ಅಲ್ಲೇ ಸಿಗುವಂತಿರಬೇಕು.

ನಮ್ಮೂರಲ್ಲಿ ಯಾರೂ ಉಪವಾಸ ಇಲ್ಲ. ಆದರೂ ಇದೆಲ್ಲ ಬೇಕಾ?

ಹೊಟ್ಟೆ ತುಂಬುವುದು ಬೇರೆ, ಮೈಗೆ ಬೇಕಾದ್ದು ಸಿಗುವುದು ಬೇರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಕರ್ನಾಟಕದ ಬಗ್ಗೆ ಹೇಳುವುದನ್ನು ಕೇಳಿ. 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 47.8 ಜನಕ್ಕೆ ರಕ್ತಹೀನತೆ. ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5. ವಯಸ್ಸಿಗೆ ತಕ್ಕ ಎತ್ತರ ಬೆಳೆಯದ ಮಕ್ಕಳು ಶೇ. 35.4. ಇವರಲ್ಲಿ ಹೆಚ್ಚಿನವರು ಎರಡು ಹೊತ್ತು ಅನ್ನ ಉಂಡವರೇ. ಅನ್ನ ಜಾಸ್ತಿ, ಕಾಳು ಕಡಿಮೆ, ಸೊಪ್ಪು ವಾರಕ್ಕೊಮ್ಮೆ, ಹಣ್ಣು ಹಬ್ಬಕ್ಕೆ. ಈ ಊಟದಿಂದ ಹಸಿವು ಹೋಗುತ್ತದೆ, ಸುಸ್ತು ಹೋಗುವುದಿಲ್ಲ.

"ನನಗೆ ಯಾವಾಗಲೂ ಸುಸ್ತು" ಅಂತ ಹೇಳುವ ಹೆಂಗಸರು ಎಷ್ಟೊಂದು ಜನ. ಅದನ್ನು ಕೆಲಸದ ಸುಸ್ತು ಅಂದುಕೊಂಡು ವರ್ಷಗಟ್ಟಲೆ ಸುಮ್ನೆ ಇರುತ್ತಾರೆ.

ನಾವು ದಿನಾ ಮುದ್ದೆ ತಿನ್ನುತ್ತೇವೆ. ಅದಕ್ಕಿಂತ ಇನ್ನೇನು ಬೇಕು?

ಮುದ್ದೆ ಬಿಡಬೇಡಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಪಟ್ಟಿಯ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಪಾಲಿಶ್ ಅಕ್ಕಿಯಲ್ಲಿ ಹತ್ತು ಮಿಲಿಗ್ರಾಂ ಆಸುಪಾಸು ಅಷ್ಟೇ. ದೊಡ್ಡವರಿಗೆ ದಿನಕ್ಕೆ 1000 ಮಿಲಿಗ್ರಾಂ ಬೇಕು. ಒಂದು ದೊಡ್ಡ ಮುದ್ದೆ ಅದರ ಮೂರರಲ್ಲೊಂದು ಭಾಗವನ್ನು ಕೊಡುತ್ತದೆ.

ಆದರೆ ಪ್ರೋಟೀನ್ ವಿಷಯದಲ್ಲಿ ರಾಗಿ ಒಂದೇ ಸಾಲದು. 100 ಗ್ರಾಂಗೆ 7 ಗ್ರಾಂನಷ್ಟು ಇದೆ, ಅದೂ ಪೂರ್ತಿ ತರಹದ್ದಲ್ಲ. ರಾಗಿಯಲ್ಲಿ ಕಡಿಮೆ ಇರುವುದನ್ನು ಕಾಳು ತುಂಬಿಕೊಡುತ್ತದೆ. ಹಾಗಾಗಿ ಮುದ್ದೆಯ ಜೊತೆ ಹುರುಳಿ, ಅವರೆ, ಅಲಸಂದೆ, ಹೆಸರು ಯಾವುದಾದರೂ ಒಂದು ಇರಲೇಬೇಕು. ಸಾರಿನಲ್ಲಿ ಕಾಳು ಕೈಗೆ ಸಿಗುವಂತಿರಬೇಕು. ತಿಳಿಸಾರು, ಉಪ್ಪಿನಕಾಯಿ ಜೊತೆ ಮುದ್ದೆ ನುಂಗಿದರೆ ಆ ಲಾಭ ಇಲ್ಲ.

ರಾಗಿ ತಿಂದರೆ ಶುಗರ್ ಏರಲ್ಲ ಅಂತಾರೆ. ನಿಜವಾ?

ಪೂರ್ತಿ ನಿಜ ಅಲ್ಲ. ರಾಗಿಯಲ್ಲೂ ಪಿಷ್ಟ ಅಕ್ಕಿಗಿಂತ ತೀರಾ ಕಡಿಮೆ ಏನಿಲ್ಲ. ನಾರಿನಂಶ ಜಾಸ್ತಿ, ಅದು ಒಳ್ಳೆಯದು. ಆದರೆ ನುಣ್ಣಗೆ ಬೀಸಿ, ಜರಡಿ ಹಿಡಿದು, ಎರಡು ಮುದ್ದೆ ತಿಂದು, ಮೇಲೆ ಅನ್ನವನ್ನೂ ಉಂಡರೆ ಶುಗರ್ ಏರುತ್ತದೆ. ಮುದ್ದೆ ಚಿಕ್ಕದು ಮಾಡಿ, ಪಲ್ಯ ಕಾಳು ಜಾಸ್ತಿ ಮಾಡಿ. ಹಿಟ್ಟಿನ ತೌಡು ತೆಗೆಯಬೇಡಿ. ರಾಗಿ ಗಂಜಿಗೆ ಬೆಲ್ಲ ಹಾಕಿ ಕುಡಿಯುವ ಶುಗರ್ ಇರುವವರನ್ನು ಪ್ರತಿ ಊರಲ್ಲೂ ನೋಡುತ್ತೇವೆ. ಬೆಲ್ಲವೂ ಸಕ್ಕರೆಯೇ. ಮಜ್ಜಿಗೆ, ಉಪ್ಪು, ಈರುಳ್ಳಿ ಹಾಕಿ ಅಂಬಲಿ ಮಾಡಿಕೊಳ್ಳಿ.

ಹಾಗಾದರೆ ಒಬ್ಬರು ದಿನಕ್ಕೆ ಎಷ್ಟೆಷ್ಟು ತಿನ್ನಬೇಕು?

ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊಸ ಆಹಾರ ಮಾರ್ಗಸೂಚಿ ತಂದಿದೆ. ದಿನಕ್ಕೆ 2000 ಕ್ಯಾಲೊರಿ ಬೇಕಾದವರಿಗೆ ಅದು ಹೇಳುವ ಲೆಕ್ಕ ಸುಮಾರು ಹೀಗಿದೆ: ಧಾನ್ಯ 250 ಗ್ರಾಂ, ಬೇಳೆಕಾಳು ಅಥವಾ ಮೊಟ್ಟೆ ಮಾಂಸ 85 ಗ್ರಾಂ, ತರಕಾರಿ ಸೊಪ್ಪು ಸೇರಿ 400 ಗ್ರಾಂ, ಹಣ್ಣು 100 ಗ್ರಾಂ, ಹಾಲು ಮೊಸರು 300 ಮಿಲಿ. ಇದು ಹಸಿ ಸಾಮಾನಿನ ತೂಕ, ಬೆಂದದ್ದಲ್ಲ.

ಮನೆಯಲ್ಲಿ ತಕ್ಕಡಿ ಯಾರ ಹತ್ತಿರ ಇರುತ್ತದೆ? ಅದಕ್ಕೇ ನಾವು ತಟ್ಟೆಯ ಮೇಲೆ ಗೆರೆ ಎಳೆದು ತೋರಿಸುತ್ತೇವೆ. ಅರ್ಧ ತಟ್ಟೆ ತರಕಾರಿ, ಸೊಪ್ಪು, ಹಣ್ಣು. ಉಳಿದರ್ಧದಲ್ಲಿ ಮುದ್ದೆ ಅನ್ನ ಒಂದು ಕಡೆ, ಕಾಳು ಇನ್ನೊಂದು ಕಡೆ. ನಮ್ಮ ತಟ್ಟೆಯಲ್ಲಿ ಸಾಮಾನ್ಯವಾಗಿ ಅನ್ನದ ರಾಶಿ ಮಧ್ಯದಲ್ಲಿ, ಪಲ್ಯ ಅಂಚಿನಲ್ಲಿ ಒಂದು ಚಮಚ. ಈ ಜಾಗ ಅದಲುಬದಲಾಗಬೇಕು.

ಎಲ್ಲರಿಗೂ ಬಡಿಸಿ ಮುಗಿಯುವ ಹೊತ್ತಿಗೆ ನನಗೆ ಸಾರಿನ ನೀರಷ್ಟೇ ಉಳಿಯುತ್ತದೆ. ನಾನೇನು ಮಾಡಲಿ?

ಈ ಪ್ರಶ್ನೆಯನ್ನು ಯಾರೂ ಜೋರಾಗಿ ಕೇಳುವುದಿಲ್ಲ. ಎಲ್ಲರೂ ಎದ್ದು ಹೋದ ಮೇಲೆ, ಪಾತ್ರೆ ತೊಳೆಯುವಾಗ ಒಬ್ಬರು ಮೆಲ್ಲಗೆ ಹೇಳುತ್ತಾರೆ. ಅದಕ್ಕೇ ಮೂರನೇ ವಾರ ಪೂರ್ತಿ ಇದಕ್ಕೇ ಇಟ್ಟಿದ್ದೇವೆ.

ಒಂದು ಬಟ್ಟಲು ಹಸಿ ಅವರೆಕಾಳು ಕೊಡುತ್ತೇವೆ. ಮನೆಯಲ್ಲಿರುವ ಒಬ್ಬೊಬ್ಬರಿಗೂ ಒಂದು ಮುತ್ತುಗದ ಎಲೆ. ನಿನ್ನೆ ರಾತ್ರಿ ಮಾಡಿದ ಸಾರಿನ ಕಾಳು, ಮೊಟ್ಟೆ, ಮೊಸರು ಯಾರಿಗೆ ಎಷ್ಟು ಬಿತ್ತು ಅಂತ ನೆನಪು ಮಾಡಿಕೊಂಡು ಅಷ್ಟಷ್ಟು ಕಾಳು ಎಲೆಗೆ ಹಾಕಬೇಕು. ಗಂಡನ ಎಲೆ, ಮಗನ ಎಲೆ, ಮಾವನ ಎಲೆ ತುಂಬುತ್ತವೆ. ಕೊನೆಗೆ ತಮ್ಮ ಎಲೆಯ ಹತ್ತಿರ ಬಂದಾಗ ಬಟ್ಟಲಲ್ಲಿ ಮೂರೋ ನಾಲ್ಕೋ ಕಾಳು. ಒಂದೂರಿನಲ್ಲಿ ಐದು ತಿಂಗಳ ಬಸುರಿ ಹುಡುಗಿಯೊಬ್ಬಳು ತನ್ನ ಎಲೆಗೆ ಏನೂ ಹಾಕದೆ ಬಟ್ಟಲು ಕೆಳಗಿಟ್ಟಳು. ಪಕ್ಕದಲ್ಲೇ ಕೂತಿದ್ದ ಅವಳ ಅತ್ತೆ ಬಹಳ ಹೊತ್ತು ಆ ಎಲೆಯನ್ನೇ ನೋಡಿದರು. ಆಮೇಲೆ ತಮ್ಮ ಎಲೆಯನ್ನು ನೋಡಿಕೊಂಡರು. ಅದೂ ಖಾಲಿಯೇ ಇತ್ತು.

ಇದಕ್ಕೆ ನಾವು ಹೇಳುವ ದಾರಿ ಸರಳ. ಒಲೆಯಿಂದ ಇಳಿಸಿದ ತಕ್ಷಣ, ಯಾರಿಗೂ ಬಡಿಸುವ ಮೊದಲೇ, ಅಡುಗೆ ಮಾಡಿದವರ ಪಾಲು ಒಂದು ಬಟ್ಟಲಿಗೆ ತೆಗೆದು ಮುಚ್ಚಿಡಿ. ಬಸುರಿ, ಬಾಣಂತಿ ಇದ್ದರೆ ಅವರದು ಮೊದಲು. ತಳದಿಂದ ಸೌಟು ಹಾಕಿ ತೆಗೆಯಿರಿ, ಕಾಳು ಇರುವುದು ತಳದಲ್ಲಿ. ಒಟ್ಟಿಗೆ ಕೂತು ಉಣ್ಣುವ ಮನೆಯಾದರೆ ಇನ್ನೂ ಒಳ್ಳೆಯದು. ಒಟ್ಟಿಗೆ ಕೂರುವುದು ಕೆಲವು ಮನೆಗಳಲ್ಲಿ ನಾಳೆಯೇ ಆಗುವ ಮಾತಲ್ಲ, ನಮಗೆ ಗೊತ್ತು. ಬಟ್ಟಲು ಎತ್ತಿಡುವುದಕ್ಕೆ ಜಗಳ ಬೇಕಿಲ್ಲ.

ಸರ್ಕಾರಕ್ಕೂ ಈ ವಿಷಯ ಗೊತ್ತಾಗಿದೆ. ಬಸುರಿಯರಿಗೆ ಅಂತ ಮನೆಗೆ ಕೊಟ್ಟ ಸಾಮಾನು ಇಡೀ ಮನೆಗೆ ಹಂಚಿಹೋಗುತ್ತಿತ್ತು. ಹಾಗಾಗಿಯೇ 2017ರ ಅಕ್ಟೋಬರ್ 2ರಂದು ಶುರುವಾದ ಮಾತೃಪೂರ್ಣ ಯೋಜನೆಯಲ್ಲಿ ಅವರನ್ನು ಅಂಗನವಾಡಿಗೇ ಕರೆದು ಬಿಸಿ ಊಟ ಬಡಿಸುವ ಏರ್ಪಾಡು ಮಾಡಿದರು. ಅಲ್ಲಿಗೆ ಹೋಗಿ ಉಣ್ಣುವುದಕ್ಕೆ ನಾಚಿಕೆ ಬೇಡ. ಅದು ನಿಮ್ಮ ಪಾಲು.

ರಕ್ತ ಕಡಿಮೆ ಇದೆ ಅಂದರು. ಬೀಟ್‌ರೂಟ್, ಬೆಲ್ಲ, ಖರ್ಜೂರ ತಿಂದರೆ ಸಾಕಾ?

ಸಾಕಾಗುವುದಿಲ್ಲ. ಬೀಟ್‌ರೂಟ್ ಬಣ್ಣ ಕೆಂಪು, ಅದಕ್ಕೆ ರಕ್ತ ಆಗುತ್ತೆ ಅನ್ನುವ ನಂಬಿಕೆ ಬಂದಿದೆ. ಅದರಲ್ಲಿ ಕಬ್ಬಿಣಾಂಶ ತುಂಬಾ ಕಡಿಮೆ. ಬೆಲ್ಲದಲ್ಲಿ ಸ್ವಲ್ಪ ಇದೆ, ಆದರೆ ಒಂದು ಚೂರು ಬೆಲ್ಲದಿಂದ ಒಂದು ಮಿಲಿಗ್ರಾಂ ಸಿಗುವುದೂ ಕಷ್ಟ. ಹೆಂಗಸರಿಗೆ ದಿನಕ್ಕೆ ಬೇಕಾಗಿರುವುದು 29 ಮಿಲಿಗ್ರಾಂ.

ಊಟದಲ್ಲಿ ದಾರಿ ಇದೆ. ಸೊಪ್ಪು, ಹುರುಳಿ, ಅಲಸಂದೆ, ಎಳ್ಳು, ಹುಚ್ಚೆಳ್ಳು ಚಟ್ನಿ. ತಿನ್ನುವವರಾದರೆ ಈರಲು, ಮಾಂಸ, ಮೀನು. ಕಾಳು ಸೊಪ್ಪಿನ ಕಬ್ಬಿಣಾಂಶ ಮೈಗೆ ಹತ್ತುವುದು ಸ್ವಲ್ಪ ಕಷ್ಟ. ವಿಟಮಿನ್ ಸಿ ಜೊತೆಗಿದ್ದರೆ ಹತ್ತುತ್ತದೆ. ಹಾಗಾಗಿ ಒಲೆಯಿಂದ ಇಳಿಸಿದ ಮೇಲೆ ನಿಂಬೆರಸ ಹಿಂಡಿ, ಇಲ್ಲವೇ ಊಟದ ಜೊತೆ ಒಂದು ಸೀಬೆಹಣ್ಣು, ಒಂದು ನೆಲ್ಲಿಕಾಯಿ ತಿನ್ನಿ. ಕಾಳನ್ನು ಮೊಳಕೆ ಕಟ್ಟಿದರೂ ಲಾಭ ಇದೆ. ಸೊಪ್ಪಿನ ಹುಳಿಯನ್ನು ಕಬ್ಬಿಣದ ಬಾಣಲೆಯಲ್ಲಿ ಮಾಡಿದರೆ ಬಾಣಲೆಯ ಕಬ್ಬಿಣವೂ ಒಂದಷ್ಟು ಸೇರುತ್ತದೆ. ಮಾಡಿದ ಮೇಲೆ ಬೇರೆ ಪಾತ್ರೆಗೆ ತೆಗೆದಿಡಿ, ಅದರಲ್ಲೇ ಬಿಟ್ಟರೆ ಕಪ್ಪಾಗುತ್ತದೆ.

ಊಟ ಆದ ತಕ್ಷಣ ಟೀ ಕುಡಿಯುವ ಅಭ್ಯಾಸ ಬಿಡಿ. ಟೀ, ಕಾಫಿ ಕಬ್ಬಿಣಾಂಶವನ್ನು ಹಿಡಿದಿಟ್ಟುಬಿಡುತ್ತವೆ. ಊಟಕ್ಕೂ ಟೀಗೂ ಒಂದು ಗಂಟೆ ಅಂತರ ಇರಲಿ.

ಇಷ್ಟೆಲ್ಲ ಮಾಡಿದರೂ ಡಾಕ್ಟರ್ ಕೊಟ್ಟ ಐರನ್ ಮಾತ್ರೆ ನಿಲ್ಲಿಸಬೇಡಿ. ಬಸುರಿಯರಿಗೆ ನಾಲ್ಕನೇ ತಿಂಗಳಿಂದ ದಿನಕ್ಕೊಂದರಂತೆ 180 ದಿನ ಕೊಡುತ್ತಾರೆ. ಮಲ ಕಪ್ಪಗಾದರೆ ಹೆದರಬೇಡಿ, ಮಾತ್ರೆಯಿಂದ ಹಾಗಾಗುತ್ತದೆ. ಹೊಟ್ಟೆ ತೊಳಸಿದರೆ ರಾತ್ರಿ ಊಟ ಆದ ಮೇಲೆ ತೆಗೆದುಕೊಳ್ಳಬಹುದಾ ಅಂತ ಆಶಾ ಅಕ್ಕನನ್ನು ಕೇಳಿ. ಮಾತ್ರೆಯನ್ನು ಹಾಲು, ಟೀ ಜೊತೆ ನುಂಗಬೇಡಿ.

ರೇಷನ್ ಅಕ್ಕಿಯಲ್ಲಿ ಪ್ಲಾಸ್ಟಿಕ್ ಅಕ್ಕಿ ಸೇರಿಸಿದ್ದಾರಂತೆ. ಆರಿಸಿ ಎಸೆಯಬೇಕಾ?

ಎಸೆಯಬೇಡಿ, ಅದು ಪ್ಲಾಸ್ಟಿಕ್ ಅಲ್ಲ. ಅದರ ಹೆಸರು ಸಾರವರ್ಧಿತ ಅಕ್ಕಿ. ಅಕ್ಕಿ ಹಿಟ್ಟಿಗೆ ಕಬ್ಬಿಣಾಂಶ, ಫೋಲಿಕ್ ಆಮ್ಲ, ವಿಟಮಿನ್ ಬಿ12 ಸೇರಿಸಿ, ಅದನ್ನೇ ಯಂತ್ರದಲ್ಲಿ ಅಕ್ಕಿಕಾಳಿನ ಆಕಾರಕ್ಕೆ ತರುತ್ತಾರೆ. ನೂರು ಕೆ.ಜಿ. ಅಕ್ಕಿಗೆ ಒಂದು ಕೆ.ಜಿ. ಲೆಕ್ಕದಲ್ಲಿ ಬೆರೆಸುತ್ತಾರೆ. ರೇಷನ್ ಅಕ್ಕಿ, ಶಾಲೆ ಊಟದ ಅಕ್ಕಿಗೆ ಇದನ್ನು ಸೇರಿಸುವುದಾಗಿ 2021ರಲ್ಲಿ ಪ್ರಕಟವಾಯಿತು. ಬಣ್ಣ ಸ್ವಲ್ಪ ಬೇರೆ ಇರುತ್ತದೆ, ತೊಳೆಯುವಾಗ ಕೆಲವು ಕಾಳು ತೇಲಬಹುದು. ಹಾಗಾಗಿ ಜನಕ್ಕೆ ಅನುಮಾನ ಬರುವುದು ಸಹಜ. ಒಂದೂರಿನಲ್ಲಿ ಅಜ್ಜಿಯೊಬ್ಬರು ಮೊರ ಹಿಡಿದು ದಿನಾ ಒಂದು ಗಂಟೆ ಕೂತು ಅವನ್ನೇ ಆರಿಸಿ ಕೋಳಿಗೆ ಹಾಕುತ್ತಿದ್ದರು. ಅವರ ಮನೆಯಲ್ಲಿ ಇಬ್ಬರು ಮೊಮ್ಮಕ್ಕಳಿದ್ದರು. ಯಾರೂ ಆ ಅಜ್ಜಿಗೆ ವಿಷಯ ಬಿಡಿಸಿ ಹೇಳಿರಲಿಲ್ಲ. ಅದು ಅವರ ತಪ್ಪಲ್ಲ.

ಮಾಮೂಲಿ ಅಕ್ಕಿಯಂತೆಯೇ ಬೇಯಿಸಿ. ಗಂಜಿ ಬಸಿದು ಚೆಲ್ಲಬೇಡಿ.

ಮಗುವಿಗೆ ಆರು ತಿಂಗಳು ತುಂಬಿತು. ಏನು ಕೊಡಲಿ?

ಆರು ತಿಂಗಳವರೆಗೆ ಎದೆಹಾಲು ಬಿಟ್ಟು ಬೇರೇನೂ ಬೇಡ, ನೀರೂ ಬೇಡ. ಆರು ತುಂಬಿದ ಮೇಲೆ ಎದೆಹಾಲಿನ ಜೊತೆ ಊಟ ಶುರುಮಾಡಲೇಬೇಕು. ಎಂಟನೇ ತಿಂಗಳವರೆಗೆ ದಿನಕ್ಕೆ ಎರಡು ಮೂರು ಸಲ, ಆಮೇಲೆ ಮೂರು ನಾಲ್ಕು ಸಲ. ಎದೆಹಾಲನ್ನು ಎರಡು ವರ್ಷದವರೆಗೂ ಮುಂದುವರಿಸಿ.

ರಾಗಿ ಸರಿ ಒಳ್ಳೆಯ ಆಹಾರ. ರಾಗಿ ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ, ಹದವಾಗಿ ಹುರಿದು ಬೀಸಿಕೊಳ್ಳಿ. ಮೊಳಕೆ ರಾಗಿಯ ಸರಿ ಬೇಯಿಸಿದಾಗ ಅಷ್ಟು ಗಟ್ಟಿಯಾಗುವುದಿಲ್ಲ. ಹಾಗಾಗಿ ಅದೇ ಒಂದು ಬಟ್ಟಲಿನಲ್ಲಿ ಹಿಟ್ಟು ಜಾಸ್ತಿ ಹಿಡಿಯುತ್ತದೆ. ಮಗುವಿನ ಹೊಟ್ಟೆ ಚಿಕ್ಕದು, ನೀರಿನಂತೆ ಮಾಡಿ ಕುಡಿಸಿದರೆ ಬರೀ ನೀರೇ ತುಂಬುತ್ತದೆ. ಚಮಚ ಓರೆ ಮಾಡಿದರೆ ಜಾರಿ ಬೀಳದಷ್ಟು ಗಟ್ಟಿ ಇರಲಿ. ಮೇಲೆ ಅರ್ಧ ಚಮಚ ತುಪ್ಪ. ಒಂದೆರಡು ವಾರದಲ್ಲೇ ಬೇಳೆ ಮಸೆದ ಅನ್ನ, ಬೇಯಿಸಿ ಮಸೆದ ಸಿಹಿಕುಂಬಳ, ನುಣ್ಣಗೆ ಮಾಡಿದ ಸೊಪ್ಪು, ಬಾಳೆಹಣ್ಣು, ಚೆನ್ನಾಗಿ ಬೆಂದ ಮೊಟ್ಟೆ ಒಂದೊಂದಾಗಿ ರೂಢಿ ಮಾಡಿ. ವರ್ಷ ತುಂಬುವವರೆಗೆ ಸಕ್ಕರೆ, ಉಪ್ಪು ಬೇಡ. ಜೇನುತುಪ್ಪ ನೆಕ್ಕಿಸುವ ಪದ್ಧತಿ ಇದೆ, ದಯವಿಟ್ಟು ವರ್ಷದೊಳಗೆ ಅದನ್ನು ಮಾಡಬೇಡಿ. ಅಪರೂಪಕ್ಕಾದರೂ ಅದರಿಂದ ಮಗುವಿನ ಜೀವಕ್ಕೆ ಅಪಾಯವಾಗುವ ಸೋಂಕು ತಗಲುತ್ತದೆ.

ಶಿಬಿರದಲ್ಲಿ ಮೊಟ್ಟೆ, ಮಾಂಸ ಮಾಡುತ್ತೀರಾ?

ಊರಿನವರು ಒಪ್ಪಿದರೆ ಮಾಡುತ್ತೇವೆ, ಬೇರೆ ಪಾತ್ರೆಯಲ್ಲಿ. ಒಂದು ಮೊಟ್ಟೆಯಲ್ಲಿ 6 ಗ್ರಾಂನಷ್ಟು ಒಳ್ಳೆಯ ಪ್ರೋಟೀನ್ ಇದೆ. ಶಾಲೆಯಲ್ಲಿ ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಕೊಡುತ್ತಾರೆ. ಬಾಳೆಹಣ್ಣು ಒಳ್ಳೆಯದೇ, ಆದರೆ ಅದರಲ್ಲಿ ಪ್ರೋಟೀನ್ ಇರುವುದು ಒಂದು ಗ್ರಾಂ ಆಸುಪಾಸು. ಅಂಥ ಮಕ್ಕಳಿಗೆ ಮನೆಯಲ್ಲಿ ಹಾಲು, ಮೊಸರು, ಕಾಳು, ಕಡಲೆಕಾಯಿ ಜಾಸ್ತಿ ಕೊಡಿ. ಬಿ12 ಸೊಪ್ಪು ಕಾಳಿನಲ್ಲಿ ಸಿಗುವುದಿಲ್ಲ. ಸಸ್ಯಾಹಾರಿಗಳು ಹಾಲು ಮೊಸರನ್ನು ಬಿಡಲೇಬಾರದು.

ಎಣ್ಣೆ, ಉಪ್ಪು ಜಾಸ್ತಿ ಆಗುತ್ತಿದೆಯಾ ಅಂತ ಹೇಗೆ ತಿಳಿಯುವುದು?

ತಿಂಗಳ ಸಾಮಾನಿನ ಚೀಟಿ ನೋಡಿ. ಉಪ್ಪು ಒಬ್ಬರಿಗೆ ದಿನಕ್ಕೆ 5 ಗ್ರಾಂ ಮೀರಬಾರದು, ಅಂದರೆ ಒಂದು ಟೀ ಚಮಚ. ನಾಲ್ಕು ಜನರ ಮನೆಗೆ ಒಂದು ಕೆ.ಜಿ. ಪ್ಯಾಕೆಟ್ ಐವತ್ತು ದಿನ ಬರಬೇಕು. ಎಣ್ಣೆ ಒಬ್ಬರಿಗೆ ದಿನಕ್ಕೆ 27 ಗ್ರಾಂ ಅನ್ನುತ್ತದೆ ಮಾರ್ಗಸೂಚಿ. ದೊಡ್ಡವರು ನಾಲ್ಕು ಜನಕ್ಕೆ ತಿಂಗಳಿಗೆ ಮೂರೂವರೆ ಲೀಟರ್ ಮೇಲಿನ ಮಿತಿ. ಬೇಕರಿ ತಿಂಡಿ, ಹೋಟೆಲಿನ ದೋಸೆ ವಡೆಯ ಎಣ್ಣೆ ಈ ಲೆಕ್ಕಕ್ಕೆ ಬಂದೇ ಇಲ್ಲ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಯ ಉಪ್ಪೂ ಬಂದಿಲ್ಲ.

ಸೊಪ್ಪು ತರಕಾರಿ ದುಬಾರಿ. ಬಡವರು ಏನು ಮಾಡಬೇಕು?

ಹೊಲದ ಬದುವಿಗೆ ಹೋಗೋಣ ಬನ್ನಿ. ಬೆರಕೆ ಸೊಪ್ಪಿನ ಸಾರು ಮಾಡಿದವರಿಗೆ ಗೊತ್ತು, ಅಣ್ಣೆ, ಹೊನಗೊನೆ, ಗೋಣಿ, ಕೀರೆ, ಕನ್ನೆ ಎಲ್ಲ ಬಿತ್ತದೆ ಬೆಳೆಯುತ್ತವೆ. ಮಳೆ ಬಿದ್ದ ಹದಿನೈದು ದಿನಕ್ಕೆ ಕೈತುಂಬ ಸಿಗುತ್ತದೆ. ಎರಡನೇ ವಾರ ನಾವು ಊರಿನ ಹಿರಿಯ ಅಜ್ಜಿಯೊಬ್ಬರನ್ನು ಮುಂದೆ ಬಿಟ್ಟುಕೊಂಡು ಹೊಲ ಸುತ್ತುತ್ತೇವೆ. ಆ ದಿನ ಅವರೇ ಮೇಷ್ಟ್ರು. ಚಿಕ್ಕ ಹುಡುಗಿಯರು ಫೋನಲ್ಲಿ ಪ್ರತಿ ಸೊಪ್ಪಿನ ಫೋಟೊ ತೆಗೆದು ಹೆಸರು ಬರೆದುಕೊಳ್ಳುತ್ತಾರೆ. ಗುರುತು ಗೊತ್ತಿಲ್ಲದ ಸೊಪ್ಪು ಮುಟ್ಟಬೇಡಿ. ಕಳೆನಾಶಕ ಹೊಡೆದ ಬದುವಿನಿಂದ, ಚರಂಡಿ ಪಕ್ಕದಿಂದ ಕೀಳಬೇಡಿ.

ಬಚ್ಚಲ ನೀರು ಹರಿಯುವ ಕಡೆ ಒಂದು ನುಗ್ಗೆ ಕೊಂಬೆ ನೆಡಿ. 100 ಗ್ರಾಂ ನುಗ್ಗೆಸೊಪ್ಪಿನಲ್ಲಿ 300 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ.

ಮಕ್ಕಳು ಬಿಸ್ಕತ್ತು, ಕುರುಕಲು ಬಿಟ್ಟು ಏನೂ ತಿನ್ನಲ್ಲ.

ಪ್ಯಾಕೆಟ್ಟನ್ನು ಒಮ್ಮೆ ತಿರುಗಿಸಿ ಓದಿ. ಯಾವ ಪದಾರ್ಥ ಹೆಚ್ಚು ಇದೆಯೋ ಅದರ ಹೆಸರು ಮೊದಲು ಬರೆದಿರುತ್ತಾರೆ. ಮೈದಾ, ಸಕ್ಕರೆ, ತಾಳೆಎಣ್ಣೆ ಮೊದಲ ಮೂರಾದರೆ ಮುಂದೆ ಓದುವ ಅಗತ್ಯ ಇಲ್ಲ. ಸೋಡಿಯಂ ಎಷ್ಟಿದೆಯೋ ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಲೆಕ್ಕ ಸಿಗುತ್ತದೆ. ಸೋಡಿಯಂ 1000 ಮಿಲಿಗ್ರಾಂ ಅಂದರೆ ಎರಡೂವರೆ ಗ್ರಾಂ ಉಪ್ಪು. ದೊಡ್ಡವರ ಅರ್ಧ ದಿನದ ಉಪ್ಪು ಅದು. ಈ ಗುಣಾಕಾರವನ್ನು ನಾವು ಮಕ್ಕಳಿಂದಲೇ ಮಾಡಿಸುತ್ತೇವೆ, ಅವರಿಗೆ ಅದು ಇಷ್ಟ.

ಬೈದು ಬಿಡಿಸಲು ಹೋಗಬೇಡಿ. ಶಾಲೆಯಿಂದ ಬಂದ ಮೊದಲ ಹತ್ತು ನಿಮಿಷ ಏನು ಕೈಗೆ ಸಿಗುತ್ತದೋ ಅದನ್ನೇ ತಿನ್ನುತ್ತಾರೆ. ಆ ಹೊತ್ತಿಗೆ ಬೇಯಿಸಿದ ಕಡಲೆಕಾಯಿಯೋ, ಹುರಿಹಿಟ್ಟಿನ ಉಂಡೆಯೋ, ಉಸಲಿಯೋ ಡಬ್ಬದಲ್ಲಿ ಸಿದ್ಧ ಇರಲಿ.

ಗಂಡಸರು ಬರಬಹುದಾ?

ಖಂಡಿತ ಬನ್ನಿ. ಸಂತೆಯಿಂದ ಸಾಮಾನು ತರುವವರು ನೀವೇ ಆಗಿದ್ದರೆ ಇನ್ನೂ ಮುಖ್ಯ. ಮೂರನೇ ವಾರ ತಪ್ಪಿಸಬೇಡಿ.

ನಮ್ಮೂರಿಗೂ ಕರೆಸಬೇಕು. ಹೇಗೆ?

ಅಂಗನವಾಡಿ ಟೀಚರ್, ಸ್ತ್ರೀಶಕ್ತಿ ಸಂಘ ಅಥವಾ ಪಂಚಾಯ್ತಿ ಸದಸ್ಯರು ಸೇರಿ ಹತ್ತು ಜನರ ಹೆಸರು ಬರೆದು ಕೊಟ್ಟರೆ ಸಾಕು. ನಾಟಿ, ಕುಯ್ಲಿನ ವಾರಗಳನ್ನು ಬಿಟ್ಟು ದಿನ ಗೊತ್ತುಮಾಡಿ. ಸೆಪ್ಟೆಂಬರ್ ಪೋಷಣ್ ಮಾಸ, ಆಗ ಅಂಗನವಾಡಿಯಲ್ಲೂ ಕಾರ್ಯಕ್ರಮಗಳಿರುತ್ತವೆ. ಜೊತೆಗೂಡಿಸಿಕೊಂಡರೆ ಜನ ಚೆನ್ನಾಗಿ ಸೇರುತ್ತಾರೆ.

ಬರುವಾಗ ಏನು ತರಬೇಕು?

ನೀವು ದಿನಾ ಉಣ್ಣುವ ತಟ್ಟೆಯನ್ನೇ ತನ್ನಿ. ಹೊಸದು, ದೊಡ್ಡದು ಬೇಡ. ಅಳತೆ ಎಲ್ಲ ಆ ತಟ್ಟೆಯ ಮೇಲೇ ಹೇಳಿಕೊಡುತ್ತೇವೆ. ಶಿಬಿರದಲ್ಲಿ ಮಾಡಿದ್ದನ್ನು ಬಿಸಿ ಇರುವಾಗಲೇ ಅಲ್ಲೇ ಕೂತು ಉಣ್ಣಬೇಕು. ಮನೆಗೆ ಕಟ್ಟಿಕೊಡಿ ಅಂತ ತುಂಬಾ ಜನ ಕೇಳುತ್ತಾರೆ. ಮಕ್ಕಳಿಗೆ ಬೇರೆ ಕಟ್ಟಿಕೊಡುತ್ತೇವೆ, ನಿಮ್ಮ ತಟ್ಟೆಯಲ್ಲಿರುವುದನ್ನು ನೀವೇ ಉಂಡು ಹೋಗಿ.